ಹೋಟೆಲಿನ ಎಲ್ಲ ಮಷಿನ್‌ಗೂ ಒಂದೇ ಟೈಮ್: ಸ್ವಂತ ಟೈಮ್ ಸರ್ವರ್ ಕಟ್ಟುವುದು ಹೇಗೆ

ಮುಂಬೈಯ ಹೋಟೆಲುಗಳಲ್ಲಿ ಸಿಸಿಟಿವಿ, ಬಿಲ್ಲಿಂಗ್ ಕಂಪ್ಯೂಟರ್, ವೈಫೈ ನೋಡಿಕೊಳ್ಳುವುದು ನನ್ನ ಕೆಲಸ. ಗಿರಾಕಿಗಳಲ್ಲಿ ಹೆಚ್ಚಿನವರು ನಮ್ಮ ಉಡುಪಿ, ಕುಂದಾಪುರ ಕಡೆಯವರು. ಕೌಂಟರಿನಲ್ಲಿ ದುಡ್ಡಿನ ತಕರಾರು ಬಂತೆಂದರೆ ಶೆಟ್ಟರ ಫೋನ್ ನನಗೇ ಬರುತ್ತದೆ. "ಬಿಲ್ಲಲ್ಲಿ 9:14 ಉಂಟು, ಕ್ಯಾಮರಾದಲ್ಲಿ 9:21. ಯಾವುದನ್ನು ನಂಬುವುದು ಮಾರಾಯ್ರೇ?" ಎರಡನ್ನೂ ನಂಬಬೇಡಿ ಅನ್ನುವುದೇ ಸರಿಯಾದ ಉತ್ತರ. ಹುಡುಗರ ಹಾಜರಿ ಹಾಕುವ ಬೆರಳಚ್ಚು ಮಷಿನ್ ಮೂರನೆಯ ಟೈಮ್ ತೋರಿಸುತ್ತಿರುತ್ತದೆ.

ಇದಕ್ಕೆ ಮದ್ದು ಟೈಮ್ ಸರ್ವರ್. ಹೋಟೆಲಿನ ನೆಟ್‌ವರ್ಕಿನೊಳಗೆ ಒಂದು ಸಣ್ಣ ಕಂಪ್ಯೂಟರ್ ಇಟ್ಟು, ಉಳಿದ ಎಲ್ಲ ಮಷಿನ್‌ಗಳೂ ಅದನ್ನೇ ಟೈಮ್ ಕೇಳುವ ಹಾಗೆ ಮಾಡುವುದು. ಕಟ್ಟುವುದು ಕಷ್ಟವಲ್ಲ. ಕಟ್ಟಿದ್ದು ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದೇ ನಿಜವಾದ ಕೆಲಸ. ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇನೆ. ಕಮಾಂಡುಗಳನ್ನು ಉಚ್ಚಾರದ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಮಷಿನ್‌ಗಳ ಗಡಿಯಾರ ಯಾಕೆ ತಪ್ಪುತ್ತದೆ? ಒಳಗಿರುವುದು ಅಗ್ಗದ ಕ್ವಾರ್ಟ್ಸ್ ಹರಳು. ಹತ್ತು ಲಕ್ಷಕ್ಕೆ 20 ಭಾಗ ಆಚೀಚೆ ಆಗುವುದು ಅದಕ್ಕೆ ಮಾಮೂಲು. ಕೇಳಲು ಏನೂ ಅಲ್ಲ, ಆದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡಿನ ಹತ್ತಿರ. ಬಿಸಿ ಹೆಚ್ಚು ಕಡಿಮೆಯಾದರೆ ಇದೂ ಬದಲಾಗುತ್ತದೆ. ನಮ್ಮ ಹೋಟೆಲುಗಳಲ್ಲಿ ಜಾಗ ಎಲ್ಲಿದೆ ಹೇಳಿ? ದೋಸೆ ಕಲ್ಲಿನ ಹಿಂದಿನ ಗೋಡೆಗೇ ಕ್ಯಾಮರಾ ರೆಕಾರ್ಡರ್ ಕೂರಿಸಿರುತ್ತಾರೆ. ಬೆಳಗ್ಗೆ ಒಂದು ವೇಗ, ಮಧ್ಯಾಹ್ನ ಇನ್ನೊಂದು ವೇಗ.

ಅಂದಹಾಗೆ, ಬೇರೆ ಬೇರೆ ಟೈಮ್ ಮುಂಬೈಗೆ ಹೊಸದಲ್ಲ. 1906ರಲ್ಲಿ ಭಾರತೀಯ ಕಾಲಮಾನ ಬಂದ ಮೇಲೂ ಈ ಊರು ಹಠ ಹಿಡಿದು ತನ್ನ 'ಬಾಂಬೆ ಟೈಮ್' ಇಟ್ಟುಕೊಂಡಿತ್ತು, ದೇಶದ ಟೈಮಿಗಿಂತ 39 ನಿಮಿಷ ಹಿಂದೆ. ಅದು ಪೂರ್ತಿ ಹೋದದ್ದು 1955ರಲ್ಲಿ.

ಮೊದಲು ಜಿಪಿಎಸ್ ಇಲ್ಲದೆ

ಜಿಪಿಎಸ್ ಆಂಟೆನಾ, ಪರಮಾಣು ಗಡಿಯಾರ ಎಂದೆಲ್ಲ ಓದಿ ಬಂದವರಿಗೆ ಒಂದು ಮಾತು. ಬಿಲ್ಲು ಮತ್ತು ಕ್ಯಾಮರಾ ಹೊಂದಿಕೆಯಾದರೆ ಸಾಕು ಅನ್ನುವವರಿಗೆ ಇಂಟರ್ನೆಟ್ಟಿನಿಂದ ಟೈಮ್ ತೆಗೆದುಕೊಳ್ಳುವ ಸರ್ವರ್ ಧಾರಾಳವಾಗಿ ಸಾಕು. ಮೊದಲು ಇದನ್ನು ಮಾಡಿ. ಜಿಪಿಎಸ್ ಸೇರಿಸಿದರೂ ಇದು ಬೇಕೇ ಬೇಕು.

ಹಳೆಯ ಡೆಸ್ಕ್‌ಟಾಪ್ ಆಗುತ್ತದೆ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡೂ ಆಗುತ್ತದೆ. ಪೈ ಕೊಳ್ಳುವುದಾದರೆ 4 ಅಥವಾ 5 ತೆಗೆದುಕೊಳ್ಳಿ. ಪೈ 3ರಲ್ಲಿ ನೆಟ್‌ವರ್ಕ್ ಪೋರ್ಟ್ ಯುಎಸ್‌ಬಿ ಮೂಲಕ ಹೋಗುತ್ತದೆ, ಅದರಿಂದ ಉತ್ತರ ಕೊಡುವ ಸಮಯ ಏರುಪೇರಾಗುತ್ತದೆ. ಡೆಬಿಯನ್ ಲಿನಕ್ಸ್ (ಪೈಗಾದರೆ ಅದರದೇ ರೂಪವಾದ ರಾಸ್ಪ್‌ಬೆರಿ ಪೈ ಓಎಸ್) ಹಾಕಿ, 'ಸುಡೋ ಆಪ್ಟ್ ಇನ್‌ಸ್ಟಾಲ್ ಕ್ರೋನಿ' ಎಂದು ಕೊಡಿ. ಕ್ರೋನಿ ಎಂದರೆ ಟೈಮ್ ಕೇಳುವ, ಹಂಚುವ ಸಾಫ್ಟ್‌ವೇರ್. ಅದು ಬಂದ ಕೂಡಲೇ ಈ ಕೆಲಸಕ್ಕೆ ಮೊದಲಿದ್ದ ಟೈಮ್‌ಸಿಂಕ್‌ಡಿ ತಾನೇ ಜಾಗ ಬಿಡುತ್ತದೆ. ಇದೇ ಕೆಲಸ ಮಾಡುವ ಹಳೆಯ ಎನ್‌ಟಿಪಿಡಿ ಬಗ್ಗೆ ನನಗೇನೂ ಬೇಸರವಿಲ್ಲ. ಆದರೆ ಆಗಾಗ ನೆಟ್ ಹೋಗಿ ಬರುವ ಜಾಗಗಳಲ್ಲಿ ಕ್ರೋನಿ ಬೇಗ ದಾರಿಗೆ ಬರುತ್ತದೆ.

ಇಟಿಸಿ ಫೋಲ್ಡರಿನ ಒಳಗೆ ಕ್ರೋನಿ ಫೋಲ್ಡರ್, ಅದರಲ್ಲಿ ಕ್ರೋನಿ ಡಾಟ್ ಕಾನ್ಫ್ ಫೈಲ್. ಮೊದಲಿದ್ದ ಪೂಲ್ ಸಾಲನ್ನು ತೆಗೆದು ಇವನ್ನು ಹಾಕಿ:

ಸರ್ವರ್ ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್ ಐಬರ್ಸ್ಟ್
ಸರ್ವರ್ ಸಮಯ್1.ಎನ್‌ಐಸಿ.ಇನ್ ಐಬರ್ಸ್ಟ್
ಸರ್ವರ್ ಸಮಯ್2.ಎನ್‌ಐಸಿ.ಇನ್ ಐಬರ್ಸ್ಟ್
ಪೂಲ್ ಇನ್.ಪೂಲ್.ಎನ್‌ಟಿಪಿ.ಆರ್ಗ್ ಐಬರ್ಸ್ಟ್
ಮೇಕ್‌ಸ್ಟೆಪ್ 1.0 3

ಮೊದಲನೆಯದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ಭಾರತದ ಅಧಿಕೃತ ಟೈಮ್ ಕಾಯುವವರು ಅವರೇ. ಮುಂದಿನ ಎರಡು ಸರಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಎನ್‌ಐಸಿಯವು. 2022ರ ಏಪ್ರಿಲ್ 28ರಂದು ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು ತಮ್ಮ ಗಡಿಯಾರವನ್ನು ಈ ಎರಡು ಸಂಸ್ಥೆಗಳ ಸರ್ವರಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರಿಗೆ ಹೊಂದಿಸಿಕೊಳ್ಳಬೇಕು. ಆಫೀಸಿಗಾಗಿ ಮಾಡುವವರು ಇದನ್ನು ನೆನಪಿಡಿ. ನಾಲ್ಕನೆಯ ಸಾಲಿನ ಪೂಲ್ ಎಂದರೆ ಬೇರೆ ಬೇರೆಯವರು ನಡೆಸುವ ಟೈಮ್ ಸರ್ವರುಗಳ ಗುಂಪು. ಕೊನೆಯ ಸಾಲಿನ ಅರ್ಥ ಇಷ್ಟೇ: ಶುರುವಿನ ಮೂರು ಸಲದ ತಾಳೆಯಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗಡಿಯಾರವನ್ನು ಒಮ್ಮೆಲೇ ಜಿಗಿಸು, ಆಮೇಲೆ ಏನಿದ್ದರೂ ನಿಧಾನವಾಗಿ ತಿದ್ದು.

ಇಷ್ಟೊಂದು ಸರ್ವರ್ ಯಾಕೆ ಎಂದು ಕೇಳುತ್ತಾರೆ. ಒಂದೇ ಇದ್ದರೆ ಅದು ತಪ್ಪಿದ್ದು ನಿಮಗೆ ತಿಳಿಯುವುದೇ ಇಲ್ಲ. ಎರಡಿದ್ದು ಜಗಳ ಬಂದರೆ ಯಾರ ಪರ ನಿಲ್ಲುತ್ತೀರಿ? ಮೂರಿದ್ದರೆ ಬಹುಮತ ಸಿಗುತ್ತದೆ. ನಾಲ್ಕಿದ್ದರೆ ಒಂದು ಕೈಕೊಟ್ಟರೂ ಬಹುಮತ ಉಳಿಯುತ್ತದೆ. ಗೂಗಲ್‌ನ ಟೈಮ್ ಸರ್ವರನ್ನು ಮಾತ್ರ ಇವುಗಳ ಜೊತೆ ಬೆರೆಸಬೇಡಿ. ಲೀಪ್ ಸೆಕೆಂಡ್ (ಭೂಮಿ ತಿರುಗುವ ವೇಗಕ್ಕೆ ಹೊಂದಿಸಲು ಜಾಗತಿಕ ಕಾಲಕ್ಕೆ ಅಪರೂಪಕ್ಕೆ ಸೇರಿಸುವ ಒಂದು ಸೆಕೆಂಡ್) ಬಂದಾಗ ಅದು ಆ ಒಂದು ಸೆಕೆಂಡನ್ನು ದಿನದುದ್ದಕ್ಕೂ ಹರಡಿ ಕೊಡುತ್ತದೆ, ಉಳಿದವು ಹಾಗೆ ಮಾಡುವುದಿಲ್ಲ.

ಕ್ರೋನಿಯನ್ನು ರೀಸ್ಟಾರ್ಟ್ ಮಾಡಿ, ಕೆಲವು ನಿಮಿಷ ಬಿಟ್ಟು 'ಕ್ರೋನಿಸಿ ಸೋರ್ಸಸ್' ಕೊಡಿ. ಸಾಲಿನ ಮೊದಲಲ್ಲಿ ನಕ್ಷತ್ರ ಇದ್ದರೆ ಈಗ ನಂಬಿರುವ ಸರ್ವರ್. ಪ್ಲಸ್ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದೆ. ಎಕ್ಸ್ ಇದ್ದರೆ ಇದು ಸುಳ್ಳು ಹೇಳುತ್ತಿದೆ ಎಂದು ಕ್ರೋನಿ ತೀರ್ಮಾನ ಮಾಡಿದೆ. ರೀಚ್ ಎಂಬ ಕಾಲಮಿನಲ್ಲಿ 377 ಬರಬೇಕು. ಅದು ಎಂಟರ ಎಣಿಕೆಯ ಲೆಕ್ಕ, ಕೊನೆಯ ಎಂಟೂ ಸಲ ಉತ್ತರ ಬಂದಿದೆ ಎಂದರ್ಥ. ಸೊನ್ನೆಯೇ ಇದ್ದರೆ ರೂಟರ್ ಯುಡಿಪಿ 123ನೇ ಪೋರ್ಟನ್ನು ತಡೆಯುತ್ತಿದೆಯೇ ನೋಡಿ.

ನೆಟ್‌ನ ಟೈಮಿಗೆ ಇರುವ ಮಿತಿ

ನೆಟ್‌ವರ್ಕಿನಲ್ಲಿ ಟೈಮ್ ಕಳಿಸುವ ಈ ಪದ್ಧತಿ ಎನ್‌ಟಿಪಿ. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲೇ ಅದರ ನಿಯಮ ಬರೆದಿಟ್ಟರು, ಇಂದಿಗೂ ಬುಡ ಅದೇ. ನಿಮ್ಮ ಕಂಪ್ಯೂಟರ್ ಕೇಳಿದ ಕ್ಷಣ, ಸರ್ವರಿಗೆ ಅದು ಮುಟ್ಟಿದ ಕ್ಷಣ, ಉತ್ತರ ಹೊರಟ ಕ್ಷಣ, ಉತ್ತರ ಬಂದು ಸೇರಿದ ಕ್ಷಣ, ಈ ನಾಲ್ಕನ್ನು ಹಿಡಿದು ಲೆಕ್ಕ ಹಾಕುತ್ತದೆ. ಜಾಣ ಲೆಕ್ಕ. ಆದರೆ ಅದರಲ್ಲಿ ಒಂದು ಊಹೆ ಅಡಗಿದೆ: ಹೋಗುವ ದಾರಿಗೆ ಹಿಡಿದಷ್ಟೇ ಹೊತ್ತು ಬರುವ ದಾರಿಗೂ ಹಿಡಿಯುತ್ತದೆ ಎಂದು.

ಬ್ರಾಡ್‌ಬ್ಯಾಂಡಿನಲ್ಲಿ ಹಾಗಿರುವುದಿಲ್ಲ. ಸಂಜೆ ಏಳರ ಮೇಲೆ ಕಟ್ಟಡದವರೆಲ್ಲ ಸಿನಿಮಾ ಹಚ್ಚಿ ಕೂತಾಗ ಬರುವ ದಾರಿಯಲ್ಲಿ ನೂಕುನುಗ್ಗಲು, ಹೋಗುವ ದಾರಿ ಖಾಲಿ. ಹೋಗಲು 5 ಮಿಲಿಸೆಕೆಂಡ್, ಬರಲು 25 ಹಿಡಿಯಿತು ಎನ್ನಿ. ವ್ಯತ್ಯಾಸ 20, ಅದರ ಅರ್ಧ 10 ಮಿಲಿಸೆಕೆಂಡ್ ನಿಮ್ಮ ಗಡಿಯಾರ ತಪ್ಪುತ್ತದೆ. ಒಳಗಿನಿಂದ ಇದನ್ನು ಕಂಡುಹಿಡಿಯುವ ಉಪಾಯವಿಲ್ಲ. ಒಂದೇ ದಾರಿಯಲ್ಲಿ ಬರುವ ನಾಲ್ಕೂ ಸರ್ವರ್ ಒಟ್ಟಿಗೆ ಅದೇ ತಪ್ಪು ಹೇಳುತ್ತವೆ, ಬಹುಮತ ಆಗ ಉಪಯೋಗಕ್ಕಿಲ್ಲ.

ಬಿಲ್ಲಿಗೂ ಕ್ಯಾಮರಾಕ್ಕೂ ಇದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾದರೆ ಜಿಪಿಎಸ್ ಯಾರಿಗೆ ಬೇಕು? ಮಿಲಿಸೆಕೆಂಡಿಗಿಂತ ಸಣ್ಣ ವ್ಯತ್ಯಾಸ ಅಳೆಯುವವರಿಗೆ, ಲ್ಯಾಬಿನವರಿಗೆ, ನೆಟ್ ಇಲ್ಲದಾಗಲೂ ಟೈಮ್ ಬೇಕೆನ್ನುವವರಿಗೆ. 2020ರ ಅಕ್ಟೋಬರ್ 12ರಂದು ಗ್ರಿಡ್ ಕೆಟ್ಟು ಮುಂಬೈಯ ಹೆಚ್ಚಿನ ಭಾಗದಲ್ಲಿ ಕರೆಂಟ್ ಹೋಗಿತ್ತಲ್ಲ, ಅಂಥ ದಿನ ಕರೆಂಟ್ ಬಂದರೂ ನೆಟ್ ಬರುವುದು ತಡವಾಗಬಹುದು. ಪೈ 4ರಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ, ಎದ್ದ ಕೂಡಲೇ ಹಳೆಯ ಟೈಮ್ ಹಿಡಿದು ಕೂರುತ್ತದೆ. ಡಿಎಸ್3231 ಎಂಬ ಸಣ್ಣ ಗಡಿಯಾರದ ಬೋರ್ಡ್ ಸಿಗುತ್ತದೆ, ಹತ್ತು ಲಕ್ಷಕ್ಕೆ ಎರಡು ಭಾಗದಷ್ಟೇ ತಪ್ಪುವಂಥದ್ದು. ಅದನ್ನು ಸೇರಿಸಿಬಿಡಿ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು. ಇನ್ನೊಂದು ಗುಂಪೂ ಇದೆ: ಸುಮ್ನೆ ಖುಷಿಗೆ ಮಾಡುವವರು. ನಾನೂ ಅದರಲ್ಲಿದ್ದೇನೆ.

ಜಿಪಿಎಸ್ ಸೇರಿಸುವುದು

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಜಿಪಿಎಸ್ ಬೋರ್ಡ್ ಸಿಗುತ್ತದೆ. ಅಂಗಡಿಯವರು ಮೊದಲು ಕೈಗಿಡುವುದು ನಾಲ್ಕು ಪಿನ್ನಿನ ನೀಲಿ ನಿಯೋ-6ಎಂ ಬೋರ್ಡ್. ಬೇಡ ಅನ್ನಿ. ನಿಮಗೆ ಬೇಕಾದ್ದು ಪಿಪಿಎಸ್ ಎಂದು ಬರೆದ ಐದನೆಯ ಪಿನ್ ಹೊರಗೆ ಬಂದಿರುವ ಬೋರ್ಡ್. ಯುಎಸ್‌ಬಿ ಜಿಪಿಎಸ್ಸೂ ಬೇಡ, ಅದರಲ್ಲಿ ಸಾಮಾನ್ಯವಾಗಿ ಆ ಪಿನ್ ಇರುವುದೇ ಇಲ್ಲ.

ಆ ಒಂದು ಪಿನ್ನಿನಲ್ಲೇ ಎಲ್ಲ ಇರುವುದು. ಜಿಪಿಎಸ್ ಎರಡು ರೀತಿಯಲ್ಲಿ ಟೈಮ್ ಕೊಡುತ್ತದೆ. ಸೀರಿಯಲ್ ತಂತಿಯಲ್ಲಿ ಅಕ್ಷರಗಳಾಗಿ ತಾರೀಕು, ಗಂಟೆ, ನಿಮಿಷ ಬರುತ್ತದೆ, ಇದರ ಹೆಸರು ಎನ್‌ಎಂಇಎ. ಇದು 9600 ವೇಗದಲ್ಲಿ ತೆವಳುತ್ತಾ ಬರುವುದರಿಂದ ಕೆಲವು ನೂರು ಮಿಲಿಸೆಕೆಂಡ್ ತಡ. ಪಿಪಿಎಸ್ ಪಿನ್ನಿನಲ್ಲಿ ಪ್ರತಿ ಸೆಕೆಂಡ್ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಒಂದು ಮಿಡಿತ, ಹತ್ತಾರು ನ್ಯಾನೋಸೆಕೆಂಡಿನಷ್ಟೇ ಆಚೀಚೆ. ಆದರೆ ಅದು ಯಾವ ಸೆಕೆಂಡ್ ಎಂದು ಹೇಳುವುದಿಲ್ಲ. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ಬೀಪ್ ಒಂದು, ಆಮೇಲೆ ಗಂಟೆ ಎಷ್ಟೆಂದು ಹೇಳುವ ದನಿ ಇನ್ನೊಂದು, ಅಲ್ವಾ? ಹಾಗೆ. ಎರಡೂ ಸೇರಿದರೇ ಪೂರ್ತಿ ಟೈಮ್.

ಆಂಟೆನಾ ಇಡುವುದು ಮುಂಬೈಯಲ್ಲಿ ದೊಡ್ಡ ತಲೆನೋವು. ಹೋಟೆಲ್ ಇರುವುದು ನೆಲಮಹಡಿಯಲ್ಲಿ, ಮೇಲೆ ಏಳು ಮಹಡಿ, ಎದುರು ಇನ್ನೊಂದು ಕಟ್ಟಡ. ಟೆರೇಸಿಗೆ ಕೇಬಲ್ ಎಳೆಯಲು ಸೊಸೈಟಿ ಸೆಕ್ರೆಟರಿಯ ಒಪ್ಪಿಗೆ ಬೇಕು, ಅದು ಜನರಲ್ ಮೀಟಿಂಗ್ ತನಕ ಹೋಗುತ್ತದೆ. ಮೊದಲು ಕಿಟಕಿಯ ಗ್ರಿಲ್ಲಿನ ಹೊರಗೆ ಇಟ್ಟು ನೋಡಿ. ಅರ್ಧ ಆಕಾಶ ಕಂಡರೂ ಸಾಮಾನ್ಯವಾಗಿ ನಾಲ್ಕು ಉಪಗ್ರಹಕ್ಕಿಂತ ಜಾಸ್ತಿಯೇ ಸಿಗುತ್ತವೆ, ಜಾಗ ಮತ್ತು ಟೈಮ್ ಲೆಕ್ಕ ಹಾಕಲು ನಾಲ್ಕು ಸಾಕು. ಎದುರಿನ ಗಾಜಿನ ಕಟ್ಟಡಕ್ಕೆ ಬಡಿದು ಬರುವ ಸಿಗ್ನಲ್ ಟೈಮನ್ನು ಸ್ವಲ್ಪ ಕೆಡಿಸುತ್ತದೆ. ಆದರೆ ಬೆಳಕಿನ ವೇಗದಲ್ಲಿ 30 ಮೀಟರ್ ಸುತ್ತು ಬಂದರೂ ಅದು 100 ನ್ಯಾನೋಸೆಕೆಂಡ್ ಅಷ್ಟೇ. ಕೇಬಲ್ ಉದ್ದದ ತಡ ಮೀಟರಿಗೆ 5 ನ್ಯಾನೋಸೆಕೆಂಡ್. ಎರಡನ್ನೂ ಮರೆತುಬಿಡಿ. ಮರೆಯಬಾರದ್ದು ನೀರು. ಮಳೆ ಹನಿ ಸಿಗ್ನಲ್ಲನ್ನು ತಡೆಯುವುದಿಲ್ಲ, ಮೇ ತಿಂಗಳಲ್ಲಿ ಹೊದಿಸುವ ನೀಲಿ ತಾಡಪಾಲೂ ತಡೆಯುವುದಿಲ್ಲ. ತಗಡಿನ ಶೀಟು ತಡೆಯುತ್ತದೆ. ಕನೆಕ್ಟರಿನೊಳಗೆ ಇಳಿದ ನೀರು, ಸಮುದ್ರದ ಉಪ್ಪುಗಾಳಿ ಸೇರಿ ಜೂನ್‌ನಲ್ಲಿ ಚೆನ್ನಾಗಿದ್ದದ್ದನ್ನು ಆಗಸ್ಟಿನಲ್ಲಿ ಹಾಳು ಮಾಡುತ್ತದೆ. ಕನೆಕ್ಟರಿಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಕೇಬಲ್ ಒಳಗೆ ಬರುವ ಮೊದಲು ಕೆಳಕ್ಕೆ ಒಂದು ಬಳಸು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.

ವಯರಿಂಗ್ ಸುಲಭ. ಬೋರ್ಡಿನ ಗ್ರೌಂಡ್ ಪೈಯ 6ನೇ ಪಿನ್ನಿಗೆ, ಬೋರ್ಡಿನ ಟಿಎಕ್ಸ್ ಪೈಯ 10ನೇ ಪಿನ್ನಿಗೆ, ಪಿಪಿಎಸ್ 12ನೇ ಪಿನ್ನಿಗೆ. 12ನೇ ಪಿನ್ ಅಂದರೆ ಜಿಪಿಐಒ 18. ಕರೆಂಟ್ 3.3 ವೋಲ್ಟೋ 5 ವೋಲ್ಟೋ ಬೋರ್ಡಿನ ಮೇಲೆ ಓದಿ ಕೊಡಿ. ಪೈಯ ಸಿಗ್ನಲ್ ಪಿನ್‌ಗಳು ಮಾತ್ರ 3.3 ವೋಲ್ಟ್ ದಾಟಿದರೆ ಸುಟ್ಟುಹೋಗಬಹುದು.

ರಾಸ್ಪಿ-ಕಾನ್ಫಿಗ್‌ಗೆ ಹೋಗಿ ಸೀರಿಯಲ್ ಪೋರ್ಟನ್ನು ಆನ್ ಮಾಡಿ, ಅದರ ಮೇಲಿನ ಲಾಗಿನ್ ಆಫ್ ಮಾಡಿ. ಬೂಟ್ ಫೋಲ್ಡರಿನ ಫರ್ಮ್‌ವೇರ್ ಒಳಗಿನ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿಯಲ್ಲಿ 'ಡಿಟಿಓವರ್‌ಲೇ=ಪಿಪಿಎಸ್-ಜಿಪಿಐಒ,ಜಿಪಿಐಒಪಿನ್=18' ಎಂಬ ಸಾಲು ಸೇರಿಸಿ ರೀಬೂಟ್ ಮಾಡಿ. ಪಿಪಿಎಸ್-ಟೂಲ್ಸ್ (ಮಿಡಿತ ಪರೀಕ್ಷಿಸಲು) ಮತ್ತು ಜಿಪಿಎಸ್‌ಡಿ (ಬೋರ್ಡಿನ ಅಕ್ಷರದ ಟೈಮ್ ಓದಿ ಕ್ರೋನಿಗೆ ಕೊಡಲು) ಹಾಕಿಕೊಳ್ಳಿ. 'ಸುಡೋ ಪಿಪಿಎಸ್‌ಟೆಸ್ಟ್ /ಡೆವ್/ಪಿಪಿಎಸ್0' ಕೊಟ್ಟಾಗ ಸೆಕೆಂಡಿಗೊಂದು ಸಾಲು ಬರಬೇಕು. ಬರದಿದ್ದರೆ ಸಾಫ್ಟ್‌ವೇರ್ ಮುಟ್ಟಬೇಡಿ, ಆಂಟೆನಾ ನೋಡಿ. ಉಪಗ್ರಹ ಸಿಗುವ ತನಕ ಹೆಚ್ಚಿನ ಬೋರ್ಡುಗಳು ಮಿಡಿಯುವುದೇ ಇಲ್ಲ. ಜಿಪಿಎಸ್‌ಡಿಯ ಸೆಟ್ಟಿಂಗಿನಲ್ಲಿ ಸೀರಿಯಲ್ ಪೋರ್ಟಿನ ಹೆಸರು ಕೊಡಿ, ಜೊತೆಗೆ 'ಮೈನಸ್ ಎನ್' ಆಯ್ಕೆ ಹಾಕಿ. ಇಲ್ಲದಿದ್ದರೆ ಯಾರಾದರೂ ಕೇಳುವ ತನಕ ಅದು ಜಿಪಿಎಸ್ ಕಡೆ ತಿರುಗಿಯೂ ನೋಡುವುದಿಲ್ಲ.

ಕ್ರೋನಿಯ ಫೈಲಿಗೆ ಈ ಎರಡು ಸಾಲು:

ರೆಫ್‌ಕ್ಲಾಕ್ ಎಸ್‌ಎಚ್‌ಎಂ 0 ರೆಫ್‌ಐಡಿ ಎನ್‌ಎಂಇಎ ಆಫ್‌ಸೆಟ್ 0.2 ಡಿಲೇ 0.2 ನೋಸೆಲೆಕ್ಟ್
ರೆಫ್‌ಕ್ಲಾಕ್ ಪಿಪಿಎಸ್ /ಡೆವ್/ಪಿಪಿಎಸ್0 ಲಾಕ್ ಎನ್‌ಎಂಇಎ ರೆಫ್‌ಐಡಿ ಪಿಪಿಎಸ್ ಪ್ರಿಫರ್

ನೋಸೆಲೆಕ್ಟ್ ಎಂದರೆ ಅಕ್ಷರದ ಟೈಮನ್ನು ನೋಡು, ಅದರ ಮೇಲೆ ಗಡಿಯಾರ ಓಡಿಸಬೇಡ. ಲಾಕ್ ಎಂದರೆ ಮಿಡಿತದ ಸೆಕೆಂಡ್ ಯಾವುದೆಂದು ಅದರಿಂದ ತಿಳಿದುಕೋ. ಇಲ್ಲಿ 0.2 ಎಂದು ಹಾಕಿದ ಆಫ್‌ಸೆಟ್ ಬರೀ ಅಂದಾಜು. ಒಂದು ರಾತ್ರಿ ಓಡಲು ಬಿಟ್ಟು 'ಕ್ರೋನಿಸಿ ಸೋರ್ಸ್‌ಸ್ಟಾಟ್ಸ್' ನೋಡಿ, ಎನ್‌ಎಂಇಎ ಸಾಲಿನಲ್ಲಿ ಉಳಿದ ವ್ಯತ್ಯಾಸವನ್ನು ಇದಕ್ಕೆ ಹೊಂದಿಸಿ. ಚಿಹ್ನೆ ಉಲ್ಟಾ ಆದರೆ ವ್ಯತ್ಯಾಸ ಕಡಿಮೆಯಾಗುವ ಬದಲು ದುಪ್ಪಟ್ಟಾಗುತ್ತದೆ, ಕೂಡಲೇ ಗೊತ್ತಾಗುತ್ತದೆ. ತೀರಾ ನಿಖರ ಬೇಡ, ಅರ್ಧ ಸೆಕೆಂಡಿಗಿಂತ ಸಾಕಷ್ಟು ಒಳಗೆ ಇದ್ದರಾಯಿತು. ಅದಕ್ಕಿಂತ ಹೆಚ್ಚಾದರೆ ಮಿಡಿತ ಪಕ್ಕದ ಸೆಕೆಂಡಿಗೆ ಅಂಟಿಕೊಳ್ಳುವ ಅಪಾಯ.

ಜಿಪಿಎಸ್ ಸುಳ್ಳು ಹೇಳಿದಾಗ

ಮೈಕ್ರೋಸೆಕೆಂಡ್ ತೋರಿಸುವ ಗಡಿಯಾರ ಕಂಡರೆ ಜನ ಕೈಮುಗಿಯುತ್ತಾರೆ. ಆದರೆ ನಿಖರವಾಗಿರುವುದು ಬೇರೆ, ಸರಿಯಾಗಿರುವುದು ಬೇರೆ. ಪಿಪಿಎಸ್ ಹಿಡಿದ ಗಡಿಯಾರ ಮೂರು ರೀತಿಯಲ್ಲಿ ಬಹಳ ನಿಖರವಾಗಿ ತಪ್ಪಬಹುದು.

ಒಂದು, 100 ಮಿಲಿಸೆಕೆಂಡ್. ಈ ಬೋರ್ಡುಗಳ ಮಿಡಿತ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಅಗಲ ಇರುತ್ತದೆ. ಏರುವ ಅಂಚು ಸೆಕೆಂಡಿನ ಆರಂಭ. ಇಳಿಯುವ ಅಂಚನ್ನು ಹಿಡಿದರೆ ಯಾವಾಗಲೂ ಅಷ್ಟೇ ವ್ಯತ್ಯಾಸ, ಒಂದಿಷ್ಟೂ ಅಲುಗಾಡದೆ. ನಡುವೆ ಸಿಗ್ನಲ್ ತಲೆಕೆಳಗು ಮಾಡುವ ಸರ್ಕ್ಯೂಟ್ ಇದ್ದರೆ ಹೀಗಾಗುತ್ತದೆ.

ಎರಡನೆಯದು 18 ಸೆಕೆಂಡ್. ಜಿಪಿಎಸ್ ಉಪಗ್ರಹಗಳು ತಮ್ಮದೇ ಕಾಲ ಇಟ್ಟುಕೊಂಡಿವೆ, ಅದರಲ್ಲಿ ಲೀಪ್ ಸೆಕೆಂಡ್ ಇಲ್ಲ. 1980ರಿಂದ ಸೇರುತ್ತಾ ಬಂದು, 2016ರ ಡಿಸೆಂಬರ್ 31ರ ಕೊನೆಯ ಲೀಪ್ ಸೆಕೆಂಡಿನ ನಂತರ ಅಂತರ 18 ಆಗಿದೆ. ಎಷ್ಟು ಕಳೆಯಬೇಕೆಂದು ಉಪಗ್ರಹವೇ ಹೇಳುತ್ತದೆ, ಆದರೆ ಆ ಪೂರ್ತಿ ಸಂದೇಶದ ಒಂದು ಸುತ್ತಿಗೆ 12.5 ನಿಮಿಷ ಹಿಡಿಯುತ್ತದೆ. ಹೊಸದಾಗಿ ಹಚ್ಚಿದ ಬೋರ್ಡ್ ಅಲ್ಲಿಯ ತನಕ ತನ್ನೊಳಗಿನ ಹಳೆಯ ಸಂಖ್ಯೆಯನ್ನೇ ಬಳಸಬಹುದು. ಹಾಗಾಗಿ ಮೊದಲ ಕಾಲು ಗಂಟೆ ಏನನ್ನೂ ತೀರ್ಮಾನ ಮಾಡಬೇಡಿ.

ಮೂರನೆಯದು ದೊಡ್ಡದು: ಹತ್ತೊಂಬತ್ತೂವರೆ ವರ್ಷ. ಜಿಪಿಎಸ್ ವಾರಗಳನ್ನು 1024ರ ತನಕ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಇತ್ತೀಚೆಗೆ ಹೀಗಾದದ್ದು 2019ರ ಏಪ್ರಿಲ್‌ನಲ್ಲಿ. ಹಳೆಯ ಬೋರ್ಡಿಗೆ ಇದು ತಿಳಿಯದಿದ್ದರೆ ಸೆಕೆಂಡ್ ಸರಿ, ನಿಮಿಷ ಸರಿ, ಇಸವಿ ಮಾತ್ರ ಎಷ್ಟೋ ಹಿಂದಿನದು. ಸೆಕೆಂಡ್ ಹ್ಯಾಂಡ್ ಮಾಲು ಅಗ್ಗ ಎಂದು ತರುವವರು ತಾರೀಕು ನೋಡಿಯೇ ತನ್ನಿ.

ಈ ಮೂರನ್ನೂ ಹಿಡಿಯುವುದು ನಾವು ಮೊದಲು ಹಾಕಿದ ನೆಟ್ ಸರ್ವರ್‌ಗಳು. 10 ಮಿಲಿಸೆಕೆಂಡ್ ತಪ್ಪುವ ಸರ್ವರಿಗೂ 100 ಮಿಲಿಸೆಕೆಂಡಿನ ಸುಳ್ಳು ಚೆನ್ನಾಗಿ ಕಾಣುತ್ತದೆ. ಅದಕ್ಕೇ ಜಿಪಿಎಸ್ ಬಂತೆಂದು ಅವನ್ನು ತೆಗೆಯಬೇಡಿ. ಪಿಪಿಎಸ್ ಸಾಲಿನಲ್ಲಿ ನಕ್ಷತ್ರ ಬಂದಿರಬೇಕು, ಉಳಿದ ಸರ್ವರುಗಳ ವ್ಯತ್ಯಾಸ ಕೆಲವು ಮಿಲಿಸೆಕೆಂಡಿನೊಳಗೆ ಆಚೆಗೂ ಈಚೆಗೂ ಚದುರಿರಬೇಕು. ಎಲ್ಲವೂ ಒಂದೇ ಕಡೆ ವಾಲಿದ್ದರೆ ನಿಮ್ಮ ಬ್ರಾಡ್‌ಬ್ಯಾಂಡಿನ ಓರೆ ಎಷ್ಟೆಂದು ಈಗ ಕಣ್ಣಿಗೆ ಕಾಣುತ್ತಿದೆ ಎಂದರ್ಥ. ಇದನ್ನು ನೋಡುವುದರಲ್ಲಿ ಒಂದು ಮಜಾ ಇದೆ. ಸಂಜೆ ಏರುತ್ತದೆ, ನಡುರಾತ್ರಿ ಇಳಿಯುತ್ತದೆ.

ಉಳಿದವರಿಗೆ ಹಂಚುವುದು

ಫೈಲಿಗೆ 'ಅಲೌ 192.168.1.0/24' ಎಂದು ನಿಮ್ಮ ನೆಟ್‌ವರ್ಕಿನ ವಿಳಾಸ ಸೇರಿಸಿ. 'ಲೋಕಲ್ ಸ್ಟ್ರಾಟಂ 10' ಎಂಬ ಸಾಲೂ ಇರಲಿ. ಜಿಪಿಎಸ್ಸೂ ನೆಟ್ಟೂ ಎರಡೂ ಹೋದಾಗ ಸರ್ವರ್ ಬಾಯಿ ಮುಚ್ಚದೆ ತನ್ನ ಅಂದಾಜಿನ ಟೈಮ್ ಕೊಡುತ್ತಿರುತ್ತದೆ. ಸ್ವಲ್ಪ ತಪ್ಪಾದರೂ ಎಲ್ಲ ಮಷಿನ್‌ಗೂ ಒಂದೇ ತಪ್ಪು, ಹೋಟೆಲಿಗೆ ಅಷ್ಟು ಸಾಕು. ರೂಟರಿನಲ್ಲಿ 123ನೇ ಪೋರ್ಟನ್ನು ಹೊರಗಿನವರಿಗೆ ತೆರೆಯಬೇಡಿ, ತೆರೆದಿಟ್ಟ ಟೈಮ್ ಸರ್ವರುಗಳನ್ನು ಬೇರೆಯವರ ಮೇಲೆ ದಾಳಿ ಮಾಡಲು ಬಳಸಿದ್ದು ಉಂಟು. ಈ ಪೈಗೆ ಬದಲಾಗದ ಐಪಿ ಕೊಡಿ. ತಂತಿಯಲ್ಲೇ ಜೋಡಿಸಿ, ವೈಫೈಯಲ್ಲಿ ಇಷ್ಟೆಲ್ಲ ಮಾಡಿದ್ದು ಮಿಲಿಸೆಕೆಂಡುಗಳಲ್ಲಿ ಕೊಚ್ಚಿಹೋಗುತ್ತದೆ.

ವಿಂಡೋಸ್ ಕಂಪ್ಯೂಟರಿನ ಇಂಟರ್ನೆಟ್ ಟೈಮ್ ಸೆಟ್ಟಿಂಗಿನಲ್ಲಿ ಪೈಯ ಐಪಿ ಹಾಕಿ. ತನ್ನಷ್ಟಕ್ಕೆ ಬಿಟ್ಟರೆ ಅದು ಅಪರೂಪಕ್ಕೆ ಕೇಳುತ್ತದೆ. ವಿಂಡೋಸ್ ಟೈಮ್ ಸರ್ವಿಸ್ ಆಟೊಮ್ಯಾಟಿಕ್ ಆಗಿ ಶುರುವಾಗುವ ಹಾಗೆ ಮಾಡಿ, ರಿಜಿಸ್ಟ್ರಿಯಲ್ಲಿ ಸ್ಪೆಷಲ್‌ಪೋಲ್‌ಇಂಟರ್ವಲ್ 3600 ಸೆಕೆಂಡಿಗೆ, ಅಂದರೆ ಗಂಟೆಗೊಮ್ಮೆ ಕೇಳುವಂತೆ, ಇಳಿಸಿ. ಕ್ಯಾಮರಾ ರೆಕಾರ್ಡರಿನಲ್ಲಿ ಎನ್‌ಟಿಪಿ ಎಂಬ ಜಾಗದಲ್ಲಿ ಅದೇ ಐಪಿ. ಕ್ಯಾಮರಾಗಳು ರೆಕಾರ್ಡರಿನಿಂದ ಟೈಮ್ ತೆಗೆದುಕೊಳ್ಳುತ್ತಿವೆಯೋ ತಾವೇ ಬೇರೆಲ್ಲಾದರೂ ಕೇಳುತ್ತಿವೆಯೋ ಎಂದು ಒಂದೊಂದಾಗಿ ನೋಡಿ. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಸರ್ವರನ್ನು ಬೈಯಬೇಡಿ. ಎನ್‌ಟಿಪಿ ಕೊಡುವುದು ಜಾಗತಿಕ ಕಾಲ ಮಾತ್ರ, 5:30 ಕೂಡಿಸುವುದು ಆಯಾ ಮಷಿನ್ನಿನ ಟೈಮ್‌ಝೋನ್ ಕೆಲಸ.

ಎಲ್ಲ ಆದ ಮೇಲೆ ಪೈಯಲ್ಲಿ 'ಸುಡೋ ಕ್ರೋನಿಸಿ ಕ್ಲೈಂಟ್ಸ್' ಕೊಡಿ. ಯಾರ್ಯಾರು ಬಂದು ಟೈಮ್ ಕೇಳಿದ್ದಾರೆ ಎಂಬ ಪಟ್ಟಿ ಬರುತ್ತದೆ. ಸೆಟ್ಟಿಂಗಿನಲ್ಲಿ ಸರಿ ಎಂದು ತೋರಿಸಿ ಇಲ್ಲಿ ಹೆಸರೇ ಇಲ್ಲದ ಮಷಿನ್ ಒಂದಾದರೂ ಇರುತ್ತದೆ, ಹೆಚ್ಚಾಗಿ ಅದು ಬೆರಳಚ್ಚಿನದ್ದು.

ಇನ್ನೊಂದು ಸಂಗತಿ. ರೆಕಾರ್ಡರಿನ ಟೈಮ್ ಏಳು ನಿಮಿಷ ಮುಂದಿದ್ದರೆ, ಸರಿ ಮಾಡಿದ ಕ್ಷಣ ಅದು ಹಿಂದಕ್ಕೆ ಜಿಗಿಯುತ್ತದೆ. ಆ ಏಳು ನಿಮಿಷಕ್ಕೆ ಎರಡೆರಡು ರೆಕಾರ್ಡಿಂಗ್ ಆಗುತ್ತದೆ, ಕೆಲವು ಮಷಿನ್‌ಗಳು ಹಳೆಯದರ ಮೇಲೇ ಬರೆದುಬಿಡುತ್ತವೆ. ಹಾಗಾಗಿ ಈ ಕೊನೆಯ ಹೆಜ್ಜೆಯನ್ನು ಹೋಟೆಲ್ ಮುಚ್ಚಿ, ಕೌಂಟರಿನ ಲೆಕ್ಕ ಮುಗಿದ ಮೇಲೆ ಮಾಡಿ. ಎಷ್ಟು ನಿಮಿಷ ವ್ಯತ್ಯಾಸ ಇತ್ತು, ಯಾವ ತಾರೀಕು ಎಷ್ಟು ಗಂಟೆಗೆ ಸರಿ ಮಾಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ರೆಕಾರ್ಡರಿನ ಬೆನ್ನಿಗೆ ಅಂಟಿಸಿ.